ಪರಿಮಳತೈಲಗಳ ಪೂರ್ವೋತ್ತರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಬಿಡದಿಯು ತಟ್ಟೆ ಇಡ್ಲಿಗೆ ಹೆಸರಾದ ಊರು. ಅಗಲವಾದ ತಟ್ಟೆಗಳಲ್ಲಿ ಬೆಂದ ಇಡ್ಲಿಯ ಹಬೆಯೂ, ಅದರ ಮೇಲಿಟ್ಟ ಬೆಣ್ಣೆಯ ಕಂಪೂ, ಚಟ್ನಿಯ ಒಗ್ಗರಣೆಯ ಘಾಟೂ ಒಂದಾಗಿ ಬೀದಿಗೆ ಬಂದಿತೆಂದರೆ, ಹಸಿವಿಲ್ಲವೆಂದು ಮನೆಯಿಂದ ಹೊರಟವನ ಬಾಯಲ್ಲಿಯೂ ನೀರೂರುವುದು. ಅಂತಹ ಊರುಗಳ ಚಿಲ್ಲರೆ ಅಂಗಡಿಗಳಲ್ಲಿ ಭರಣಿಗಳ ತುಂಬ ಬಣ್ಣಬಣ್ಣದ ಸಕ್ಕರೆಯ ಗುಳಿಗೆಗಳಿರುತ್ತವೆ. ಹಳ್ಳಿಯ ಮಕ್ಕಳಿಗೆ ಅವೆಲ್ಲವೂ ಪೆಪ್ಪರಮೆಂಟುಗಳೇ. ನಿಂಬೆಯ ಹುಳಿಯುಳ್ಳದ್ದೂ ಪೆಪ್ಪರಮೆಂಟು, ಕಿತ್ತಳೆಯ ಬಣ್ಣದ್ದೂ ಪೆಪ್ಪರಮೆಂಟು. ಆ ಹೆಸರಿನ ಗಿಡದ ಸೋಂಕು ಮಾತ್ರ ಅವುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಗಿಡದ ಹೆಸರು ಗಿಡವನ್ನು ಬಿಟ್ಟು ಸಕ್ಕರೆಗೆ ಅಂಟಿಕೊಂಡು ನಮ್ಮ ಭಾಷೆಗೆ ಬಂದುಬಿಟ್ಟಿತು.

ಈಚೆಗೆ ಅದೇ ಪೆಪ್ಪರಮೆಂಟಿನ ತೈಲವು ಬೇರೊಂದು ಕೀರ್ತಿಯನ್ನು ಹೊತ್ತು ಬಂದಿದೆ. ಅದನ್ನು ಆಘ್ರಾಣಿಸಿದರೆ ಬುದ್ಧಿಯು ಚುರುಕಾಗುವುದೆಂದೂ, ಹಸಿವು ಹದಕ್ಕೆ ಬರುವುದೆಂದೂ ಹೇಳುವವರು ಅನೇಕರಿದ್ದಾರೆ. ಹಸಿವು ಹೆಚ್ಚುವುದೆಂದು ಕೆಲವರು, ತಗ್ಗುವುದೆಂದು ಕೆಲವರು. ಚಿಕ್ಕ ಸೀಸೆಗಳಲ್ಲಿ ನಾನಾ ಸುಗಂಧತೈಲಗಳು ಮನೆಮನೆಗೂ ಬರುತ್ತಿವೆ. ಇವುಗಳ ಗುಣದೋಷಗಳನ್ನು ತಿಳಿಯಬೇಕಾದರೆ ಇಂದಿನ ಪ್ರಚಾರವನ್ನು ಮಾತ್ರ ಕೇಳಿದರೆ ಸಾಲದು. ಗಂಧದ್ರವ್ಯಗಳು ಈ ನಾಡಿನಲ್ಲಿ ನಡೆದುಬಂದ ದಾರಿಯನ್ನೂ ನೋಡಬೇಕು. ಆ ದಾರಿಯು ಬಿಡದಿಯಿಂದ ಬಹಳ ದೂರದ್ದೇನೂ ಅಲ್ಲ.

ತಾರ್ಕಿಕರ ಮತದಲ್ಲಿ ಗಂಧವು ಪೃಥಿವಿಯ ವಿಶೇಷಗುಣ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಪಾಠಶಾಲೆಯ ಬಾಲಕನೂ ಸುರಭಿ, ಅಸುರಭಿ ಎಂದು ಗಂಧವು ದ್ವಿವಿಧವೆಂಬುದನ್ನು ಬಲ್ಲನು. ಶೀತ, ಉಷ್ಣ, ಅನುಷ್ಣಾಶೀತ ಎಂದು ಸ್ಪರ್ಶವು ತ್ರಿವಿಧ. ಇವುಗಳಲ್ಲಿ ಶೀತಸ್ಪರ್ಶವು ಜಲಕ್ಕೆ ಸೇರಿದ್ದು. ಈ ವಿಭಾಗವು ಪೆಪ್ಪರಮೆಂಟಿನ ವಿಚಾರದಲ್ಲಿ ಮುಂದೆ ಪ್ರಯೋಜನಕ್ಕೆ ಬರುವುದು. ವೈದ್ಯರಾದರೋ ಮೂಗನ್ನು ಶಿರಸ್ಸಿನ ಬಾಗಿಲೆಂದು ಎಣಿಸಿ, ತಲೆಯ ವ್ಯಾಧಿಗಳಿಗೆ ನಸ್ಯವನ್ನೂ ಧೂಮವನ್ನೂ ವಿಧಿಸಿದರು. ಹಸಿವಿನ ವಿಷಯದಲ್ಲಿ ಅವರು ಮಾಡಿದ ಒಂದು ವಿವೇಚನೆಯು ಇಂದಿಗೂ ಮನನೀಯವಾದುದು. ಅನ್ನವನ್ನು ಕಂಡರೆ ಬೇಡವೆನಿಸುವುದು ಅರುಚಿ. ತಿಂದ ಅನ್ನವು ಪಕ್ವವಾಗದಿರುವುದು ಅಗ್ನಿಮಾಂದ್ಯ. ಒಂದು ನಾಲಗೆ ಮತ್ತು ಮನಸ್ಸುಗಳ ದೋಷ, ಇನ್ನೊಂದು ಕೋಷ್ಠದ ದೋಷ. ಎರಡನ್ನೂ ಹಸಿವಿಲ್ಲವೆಂಬ ಒಂದೇ ಮಾತಿನಿಂದ ಹೇಳುವ ರೂಢಿಯಿದ್ದರೂ ಚಿಕಿತ್ಸೆಯು ಒಂದೇ ಅಲ್ಲ.

ಕನ್ನಡದಲ್ಲಿಯೂ ಈ ವಿದ್ಯೆಯ ಗ್ರಂಥಗಳುಂಟು. ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ. ಶ. ೧೦೨೫ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಜ್ಯೋತಿಷ, ವಾಸ್ತು, ವೃಕ್ಷವೈದ್ಯ ಮುಂತಾದವುಗಳೊಡನೆ ಸುಗಂಧದ್ರವ್ಯಗಳನ್ನು ಕೂಡಿಸುವ ಕ್ರಮವೂ ಪಾಕಕ್ರಮವೂ ಸೇರಿವೆ. ಅದಾದ ಒಂದು ಶತಮಾನದ ಮೇಲೆ, ೧೧೨೯ರ ಸುಮಾರಿಗೆ, ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅನ್ನದ ಭೋಗವನ್ನೂ ಧೂಪದ ಭೋಗವನ್ನೂ ರಾಜನ ಉಪಭೋಗಗಳ ಒಂದೇ ಮಾಲೆಯಲ್ಲಿ ಕೋದಿದ್ದಾನೆ. ಕಂಪಿಗೂ ಊಟಕ್ಕೂ ಸಂಬಂಧವುಂಟೆಂಬುದನ್ನು ಹಿಂದಿನವರು ಬಲ್ಲರು. ಆದರೆ ಅವರು ಬಳಸುತ್ತಿದ್ದುದು ಹೆಚ್ಚಾಗಿ ಹೂವು, ಎಲೆ, ಬೇರು, ಚಕ್ಕೆಗಳನ್ನು. ತೇದ ಗಂಧವನ್ನು, ಹೂವಿನೊಡನಿಟ್ಟು ವಾಸನೆ ಕಟ್ಟಿಸಿದ ಎಳ್ಳೆಣ್ಣೆಯನ್ನು. ಮಣಗಟ್ಟಲೆ ಸೊಪ್ಪನ್ನು ಹಬೆಯಲ್ಲಿ ಭಟ್ಟಿ ಇಳಿಸಿ, ಅದರ ಸಾರವನ್ನೆಲ್ಲ ಒಂದು ಸೀಸೆಗೆ ಇಳಿಸುವ ಇಂದಿನ ತೈಲವು ಬಲದಲ್ಲಿ ಬೇರೆಯೇ ವಸ್ತು. ಈ ಭೇದವನ್ನು ಮರೆತು ಹಳೆಯ ಗ್ರಂಥದ ಪ್ರಾಮಾಣ್ಯವನ್ನು ಹೊಸ ಸೀಸೆಗೆ ಅಂಟಿಸುವುದು ಸರಿಯಾಗದು.

ಮನೆಯ ಬಳಕೆಯಲ್ಲಿ ಇದಕ್ಕೆ ಸುಲಭವಾದ ದೃಷ್ಟಾಂತ ಓಮ. ಮಗುವಿನ ಹೊಟ್ಟೆ ಉಬ್ಬರಿಸಿದರೆ ಓಮದ ನೀರು, ದೊಡ್ಡವರಿಗೆ ಊಟ ಹಿಡಿಸದಿದ್ದರೆ ಓಮದ ಮಜ್ಜಿಗೆ, ಇದು ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯ ಅಜ್ಜಿಯರಿಗೆಲ್ಲ ತಿಳಿದ ವೈದ್ಯ. ಸಂಸ್ಕೃತದಲ್ಲಿ ಇದಕ್ಕೆ ಯವಾನಿ ಎಂದೂ, ಅಗ್ನಿಯನ್ನು ಹೊತ್ತಿಸುವುದರಿಂದ ದೀಪ್ಯಕವೆಂದೂ ಹೆಸರು. ಓಮದ ಕಂಪಿಗೆ ಮುಖ್ಯ ಕಾರಣವಾದ ಥೈಮಾಲ್ ಎಂಬ ದ್ರವ್ಯವನ್ನು ಜರ್ಮನಿಯ ಕಾಸ್ಪರ್ ನ್ಯೂಮನ್ ೧೭೧೯ರಲ್ಲಿ ಯೂರೋಪಿನ ಥೈಮ್ ಎಂಬ ಗಿಡದಿಂದ ಬೇರ್ಪಡಿಸಿದನು. ಅದು ಕ್ರಿಮಿಗಳನ್ನು ಕೊಲ್ಲುವುದೆಂದು ತಿಳಿದಮೇಲೆ ಭಾರತದ ಓಮವು ಮೂಟೆಮೂಟೆಯಾಗಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗತೊಡಗಿತು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾದಾಗ ಆ ವ್ಯಾಪಾರವು ನಿಂತಿತು. ಕಾಳು ನಮ್ಮದು, ಭಟ್ಟಿ ಅವರದು ಎಂಬ ಈ ವ್ಯವಸ್ಥೆಯ ಕೊರತೆಯು ಆಗ ಎಲ್ಲರಿಗೂ ಕಂಡಿತು.

ಇದೇ ಕೊರತೆಯಿಂದ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದುವು. ಮಾಗಡಿ, ರಾಮನಗರ, ಕನಕಪುರಗಳ ಕುರುಚಲು ಕಾಡುಗಳು ಶ್ರೀಗಂಧಕ್ಕೆ ಒಗ್ಗಿದ ನೆಲ. ಗಂಧದ ಗಿಡವು ತನ್ನ ಬೇರನ್ನು ನೆರೆಯ ಗಿಡಗಳ ಬೇರಿಗೆ ಹೊಂದಿಸಿ ಆಹಾರದ ಒಂದಂಶವನ್ನು ಅವುಗಳಿಂದ ಪಡೆಯುವುದರಿಂದ, ಕಾಡಿನ ಸಂಗಡವಿಲ್ಲದೆ ಅದು ಚೆನ್ನಾಗಿ ಬೆಳೆಯಲಾರದು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ, ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಮರವೂ ಸರ್ಕಾರದ್ದಾಯಿತು. ಮುಂದಿನ ಸರ್ಕಾರಗಳೂ ಅದೇ ಕ್ರಮವನ್ನು ಬಿಡಲಿಲ್ಲ. ಕಡಿದ ಮರವು ಗಂಧದ ಕೋಠಿಗಳಲ್ಲಿ ಶೇಖರವಾಗಿ, ವರ್ಷಂಪ್ರತಿ ಹರಾಜಾಗಿ, ಬಹುಭಾಗ ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ ಹೋಗುತ್ತಿತ್ತು.

ಯುದ್ಧದಿಂದ ಕೊಳ್ಳುವವರಿಲ್ಲದೆ ಕೋಠಿಗಳಲ್ಲಿ ಮರವು ರಾಶಿಬಿದ್ದಾಗ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಯತ್ನವು ನಡೆಯಿತು. ಕೈಗಾರಿಕೆಯ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ನರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿದ್ವಾಂಸರೂ ಶ್ರಮಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ೧೯೧೭ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ನಿಂತುವು. ಬಿಡದಿಯ ಮೇಲೆ ಹಾದುಹೋಗುವ ರೈಲುದಾರಿಯ ಎರಡು ತುದಿಗಳಲ್ಲಿಯೂ ಹೀಗೆ ಗಂಧದ ಭಟ್ಟಿಗಳು ಉರಿಯತೊಡಗಿದುವು. ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಈ ಎಣ್ಣೆಯನ್ನು ಸಾಬೂನಿಗೆ ಕೂಡಿಸುವ ವಿಧಾನವನ್ನು ಸಾಧಿಸಿದರು. ೧೯೧೮ರಲ್ಲಿ ಸಾಬೂನು ಹೊರಬಂದಿತು. ಜನರು ಅವರನ್ನು ಸೋಪು ಶಾಸ್ತ್ರಿಗಳೆಂದೇ ಕರೆದರು.

ಈ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಭಾಗವಿದೆ. ಆ ಕಾಲದಲ್ಲಿ ಯೂರೋಪಿನವರು ಗಂಧದೆಣ್ಣೆಯನ್ನು ಕೊಳ್ಳುತ್ತಿದ್ದುದು ಪರಿಮಳಕ್ಕಾಗಿ ಮಾತ್ರವಲ್ಲ. ಪೂಯಮೇಹವೆಂಬ ಗುಹ್ಯರೋಗಕ್ಕೆ ಅದು ದಿವ್ಯೌಷಧವೆಂಬ ನಂಬಿಕೆಯು ಅಲ್ಲಿ ಬಲವಾಗಿತ್ತು. ಪ್ರಮಾಣಭೂತವಾದ ಔಷಧಸೂಚಿಗಳಲ್ಲಿಯೂ ಅದಕ್ಕೆ ಸ್ಥಾನವಿತ್ತು. ಎಣ್ಣೆ ತುಂಬಿದ ಗುಳಿಗೆಗಳನ್ನು ರೋಗಿಗಳು ನುಂಗುತ್ತಿದ್ದರು. ೧೯೩೦ರ ದಶಕದಲ್ಲಿ ಸಲ್ಫಾ ಔಷಧಗಳೂ ೧೯೪೦ರ ದಶಕದಲ್ಲಿ ಪೆನಿಸಿಲಿನ್ನೂ ಬಂದ ಮೇಲೆ ಆ ನಂಬಿಕೆಯು ಇದ್ದಕ್ಕಿದ್ದಂತೆ ಮಾಯವಾಯಿತು. ಒಂದು ಕಾಲದ ಪಂಡಿತರು ಒಪ್ಪಿದ್ದ ಚಿಕಿತ್ಸೆಯನ್ನು ಮುಂದಿನ ಕಾಲದವರು ನೆನೆಯಲೂ ಇಲ್ಲ. ಎಣ್ಣೆಗೆ ಪರಿಮಳವು ಉಳಿಯಿತು, ಸಾಬೂನು ಉಳಿಯಿತು. ಔಷಧವೆಂಬ ಹೆಸರು ಕಳಚಿತು.

ಆದರೆ ಆ ಹೆಸರಿಗಾಗಿ ಉರುಳಿದ ಮರಗಳು ಮರಳಿ ಬರಲಿಲ್ಲ. ಎಣ್ಣೆಯಿರುವುದು ಮರದ ಚೇಗಿನಲ್ಲಿಯೂ ಬೇರಿನಲ್ಲಿಯೂ ಆದುದರಿಂದ ಗಂಧದ ಮರವನ್ನು ಬುಡಸಹಿತ ಕೀಳಬೇಕು. ಚೇಗು ಬಲಿಯಲು ದಶಕಗಳು ಹಿಡಿಯುವುವು. ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಕದಿರುರೋಗವೂ, ಕಳ್ಳರ ಕೊಡಲಿಯೂ ಮಿಕ್ಕುದನ್ನು ತೀರಿಸುತ್ತ ಬಂದುವು. ೧೯೯೮ರಲ್ಲಿ ಶ್ರೀಗಂಧವು ಅಪಾಯಕ್ಕೆ ಈಡಾದ ಸಸ್ಯಗಳ ಜಾಗತಿಕ ಪಟ್ಟಿಗೆ ಸೇರಿತು. ೨೦೦೧ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಯನ್ನು ತಿದ್ದಿ, ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ಹೊಲದವನೇ ಒಡೆಯನೆಂದು ವಿಧಿಸಲಾಯಿತು. ರೈತನು ತನ್ನದೆಂದು ಕಾಪಾಡಲು ಕಾನೂನು ಒಪ್ಪುವುದಕ್ಕೆ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಮಾಗಡಿಯ ಸಾವನದುರ್ಗದ ಕಾಡಿನಲ್ಲಿ ಔಷಧಿಸಸ್ಯಗಳಿಗೆಂದೇ ಒಂದು ರಕ್ಷಿತ ಪ್ರದೇಶವನ್ನು ಏರ್ಪಡಿಸಿರುವುದು ಈ ನಷ್ಟದ ಅರಿವು ಮೂಡಿದ ಮೇಲೆ.

ಇನ್ನು ಪೆಪ್ಪರಮೆಂಟಿನ ಚರಿತ್ರೆ. ಇದು ನೀರುಪುದೀನ ಮತ್ತು ತೋಟದ ಪುದೀನಗಳ ಸಂಕರದಿಂದ ಹುಟ್ಟಿದ ಗಿಡ. ಇಂಗ್ಲೆಂಡಿನ ಜಾನ್ ರೇ ಎಂಬ ಸಸ್ಯಶಾಸ್ತ್ರಜ್ಞನು ೧೬೯೬ರಲ್ಲಿ ಇದನ್ನು ವರ್ಣಿಸಿದನು. ಮುಂದಿನ ಶತಮಾನದಲ್ಲಿ ಲಂಡನ್ನಿನ ದಕ್ಷಿಣದ ಮಿಚಮ್ ಎಂಬಲ್ಲಿ ಇದರ ವ್ಯವಸಾಯವು ಬೆಳೆಯಿತು. ಬೀಜದಿಂದ ವೃದ್ಧಿಯಾಗದ ಈ ಗಿಡವನ್ನು ಕಾಂಡದ ಕುಡಿಗಳಿಂದ ನೆಡುತ್ತಾರೆ. ಇದರ ಎಣ್ಣೆಯ ಮುಖ್ಯಾಂಶ ಮೆಂಥಾಲ್. ನಮ್ಮ ಅಂಗಡಿಗಳಲ್ಲಿ ಪುದೀನದ ಹೂವೆಂದು ಮಾರುವ ಬಿಳಿಯ ಹರಳು ಅದೇ. ೧೮೯೩ರಲ್ಲಿ ಕಾಶೀನಾಥುನಿ ನಾಗೇಶ್ವರರಾಯರು ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನದಂತಹ ಮುಲಾಮುಗಳ ಮೂಲಕ ಅದರ ಘಾಟು ಕನ್ನಡನಾಡಿನ ಮನೆಗಳಿಗೂ ಪರಿಚಿತವಾಯಿತು. ೧೯೫೪ರಲ್ಲಿ ಜಪಾನಿನ ಪುದೀನವು ಜಮ್ಮುವಿನ ಸಂಶೋಧನಾಲಯಕ್ಕೆ ಬಂದಿತು. ಇಂದು ಅದರ ಎಣ್ಣೆಯಲ್ಲಿ ಭಾರತವೇ ಅಗ್ರಗಣ್ಯ; ಉತ್ತರಪ್ರದೇಶದ ಬಾರಾಬಂಕಿಯ ಸುತ್ತ ಅದರ ಹೊಲಗಳು ಹಬ್ಬಿವೆ.

ಇಲ್ಲಿ ಹೆಸರಿನ ತೊಡಕು ಮತ್ತೆ ಎದುರಾಗುವುದು. ಬಿಡದಿಯ ತರಕಾರಿಯ ಬುಟ್ಟಿಯಲ್ಲಿ ಕೊತ್ತಂಬರಿಯ ಪಕ್ಕದಲ್ಲಿರುವ ಪುದೀನವು ಪೆಪ್ಪರಮೆಂಟಲ್ಲ. ಹೆಸರು ಪಾರಸೀ ಭಾಷೆಯಿಂದ ಬಂದದ್ದು. ಗಿಡವು ಬಹುಮಟ್ಟಿಗೆ ತೋಟದ ಪುದೀನದ ಜಾತಿಯದು. ಅದರ ಕಂಪಿಗೆ ಮುಖ್ಯ ಕಾರಣ ಕಾರ್ವೋನ್ ಎಂಬ ಬೇರೆ ದ್ರವ್ಯ. ಮೆಂಥಾಲ್ ಅದರಲ್ಲಿ ಅತ್ಯಲ್ಪ. ಆದುದರಿಂದ ಪೆಪ್ಪರಮೆಂಟಿನ ಮೇಲೆ ಮಾಡಿದ ಪರೀಕ್ಷೆಯ ಫಲವನ್ನು ಪುದೀನದ ಚಟ್ನಿಗೆ ಹೇಳುವಂತಿಲ್ಲ. ಚಟ್ನಿಯ ಸೌಮ್ಯಗುಣವನ್ನು ಸೀಸೆಯ ಎಣ್ಣೆಗೂ ಹೇಳುವಂತಿಲ್ಲ.

ಪೆಪ್ಪರಮೆಂಟನ್ನು ಬಾಯಲ್ಲಿಟ್ಟರೆ ತಣ್ಣಗಾಗುವುದು ಏಕೆ? ಬಾಯೊಳಗಿನ ಉಷ್ಣತೆಯು ಅದರಿಂದ ಇಳಿಯುವುದಿಲ್ಲ. ೨೦೦೨ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಎಂಬ ವಿಜ್ಞಾನಿಗಳು ತಮ್ಮ ತಮ್ಮ ಸಂಗಡಿಗರೊಡನೆ ಬೇರೆ ಬೇರೆಯಾಗಿ ಇದರ ಕಾರಣವನ್ನು ಕಂಡರು. ನರಗಳ ತುದಿಯಲ್ಲಿ ಚಳಿಯನ್ನು ಅರಿಯುವ ಒಂದು ದ್ವಾರವಿದೆ. ತಂಪು ತಗುಲಿದಾಗ ತೆರೆಯಬೇಕಾದ ಆ ದ್ವಾರವನ್ನು ಮೆಂಥಾಲ್ ತಾನೇ ತೆರೆಯುವುದು. ಸ್ಪರ್ಶಜ್ಞಾನದ ಸಂಶೋಧನೆಗಾಗಿ ಇವರಿಬ್ಬರಿಗೂ ೨೦೨೧ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ತಾರ್ಕಿಕನ ಮಾತಿನಲ್ಲಿ ಹೇಳುವುದಾದರೆ ಗಂಧವು ಪ್ರಮೆ, ಶೈತ್ಯವು ಭ್ರಮೆ: ಹಗ್ಗದಲ್ಲಿ ಹಾವನ್ನು ಕಂಡಂತೆ ಶೀತವಿಲ್ಲದಲ್ಲಿ ಶೀತದ ಜ್ಞಾನ. ಆದರೆ ಹಾವೆಂಬ ಭ್ರಮೆಯಿಂದಲೂ ಎದೆಯು ನಿಜವಾಗಿಯೇ ಬಡಿದುಕೊಳ್ಳುವಂತೆ, ಈ ಹುಸಿ ತಂಪಿನಿಂದಲೂ ತೂಕಡಿಸುವವನು ಎಚ್ಚರಗೊಳ್ಳುವನು. ಬುದ್ಧಿಯು ಚುರುಕಾದಂತೆ ತೋರುವುದಕ್ಕೆ ಇದೊಂದು ಕಾರಣವಾಗಿರಬಹುದು.

ಮೇಧಾಶಕ್ತಿಯ ವಿಷಯದಲ್ಲಿ ನಡೆದ ಪರೀಕ್ಷೆಗಳೂ ಉಂಟು. ಇಂಗ್ಲೆಂಡಿನ ನಾರ್ತಂಬ್ರಿಯ ವಿಶ್ವವಿದ್ಯಾನಿಲಯದ ಮಾರ್ಕ್ ಮಾಸ್ ಮತ್ತು ಅವರ ಸಂಗಡಿಗರು ೧೪೪ ಮಂದಿಯನ್ನು ಪರೀಕ್ಷಿಸಿ ೨೦೦೮ರಲ್ಲಿ ಫಲವನ್ನು ಪ್ರಕಟಿಸಿದರು. ಪೆಪ್ಪರಮೆಂಟಿನ ಪರಿಮಳವಿದ್ದ ಕೊಠಡಿಯಲ್ಲಿ ಕುಳಿತವರ ಸ್ಮರಣೆಯೂ ಎಚ್ಚರವೂ ಹೆಚ್ಚಾಗಿ ಕಂಡುವು. ಇಲಾಂಗ್‌ಇಲಾಂಗ್ ಎಂಬ ಪೂರ್ವದ್ವೀಪಗಳ ಹೂವಿನ ತೈಲವನ್ನು ಆಘ್ರಾಣಿಸಿದವರಲ್ಲಿ ಶಾಂತಿಯು ಹೆಚ್ಚಿ ಸ್ಮರಣೆಯು ಕುಂದಿತು. ಸುಗಂಧತೈಲಗಳೆಲ್ಲ ಬುದ್ಧಿವರ್ಧಕಗಳೆಂಬ ಮಾತು ಇಷ್ಟರಿಂದಲೇ ಬೀಳುವುದು. ಪೆಪ್ಪರಮೆಂಟಿನ ಪಕ್ಷದಲ್ಲಿಯೂ ಸಿದ್ಧವಾದದ್ದು ಆರೋಗ್ಯವಂತರಲ್ಲಿ ಆ ಹೊತ್ತಿಗೆ ಕಂಡ ಅಲ್ಪ ವ್ಯತ್ಯಾಸ. ವಾಸನೆಯನ್ನು ಮೂಸುವವನಿಂದ ಮುಚ್ಚಿಡುವುದು ಸಾಧ್ಯವಿಲ್ಲದ್ದರಿಂದ, ನಿರೀಕ್ಷೆಯ ಫಲವೆಷ್ಟು, ದ್ರವ್ಯದ ಫಲವೆಷ್ಟು ಎಂದು ವಿಂಗಡಿಸುವುದೂ ಕಷ್ಟ. ಓದದ ಪಾಠವನ್ನು ಯಾವ ಪರಿಮಳವೂ ನೆನಪಿಗೆ ತರಲಾರದು. ತಲೆನೋವಿನ ವಿಷಯ ಇದಕ್ಕಿಂತ ಗಟ್ಟಿಯಾದುದು. ಜರ್ಮನಿಯ ಕೀಲ್ ನಗರದ ಗೋಬೆಲ್ ಮೊದಲಾದವರು ೧೯೯೬ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ನೂರಕ್ಕೆ ಹತ್ತರಷ್ಟು ಪೆಪ್ಪರಮೆಂಟಿನ ತೈಲವನ್ನು ಮದ್ಯಸಾರದಲ್ಲಿ ಬೆರೆಸಿ ಹಣೆಗೆ ಹಚ್ಚಿದಾಗ, ಬಿಗಿತದಿಂದ ಬರುವ ತಲೆನೋವು ಪ್ಯಾರಸಿಟಮಾಲ್ ನುಂಗಿದಾಗ ಇಳಿಯುವಷ್ಟೇ ಇಳಿಯಿತು.

ಹಸಿವಿನ ವಿಷಯಕ್ಕೆ ಬಂದರೆ ಅರುಚಿ, ಅಗ್ನಿಮಾಂದ್ಯಗಳ ಹಳೆಯ ವಿವೇಚನೆಯು ನೆರವಾಗುವುದು. ಅನ್ನವನ್ನು ನೋಡಿದ ಮತ್ತು ಮೂಸಿದ ಮಾತ್ರಕ್ಕೆ ಜಠರದಲ್ಲಿ ರಸವು ಒಸರುವುದೆಂದೂ, ಇದು ನರಗಳ ಮೂಲಕ ನಡೆಯುವ ಕ್ರಿಯೆಯೆಂದೂ ರಷ್ಯದ ಪಾವ್ಲೋವರು ನಾಯಿಗಳಲ್ಲಿ ತೋರಿಸಿ, ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರ ನೊಬೆಲ್ ಪಾರಿತೋಷಕವನ್ನು ಪಡೆದರು. ಬಿಡದಿಯ ಬೀದಿಯಲ್ಲಿ ಬಾಯಲ್ಲಿ ನೀರೂರುವುದಕ್ಕೆ ಇದೇ ಮರ್ಮ. ಆದರೆ ಇದು ಅನ್ನದ ವಾಸನೆಯ ಕೆಲಸ. ಉಂಡ ಅನುಭವವು ಆ ವಾಸನೆಯೊಡನೆ ಬೆಸೆದಿರುವುದರಿಂದ ನಡೆಯುವುದು. ಪೆಪ್ಪರಮೆಂಟಿನ ಎಣ್ಣೆಯ ಕೆಲಸ ಬೇರೆ: ಅದು ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುವುದು. ಪದೇ ಪದೇ ಕರುಳು ಕೆರಳಿ ನೋಯುವ ವ್ಯಾಧಿಯವರ ಮೇಲೆ ನಡೆದ ಒಂಬತ್ತು ಪರೀಕ್ಷೆಗಳನ್ನು, ಒಟ್ಟು ೭೨೬ ರೋಗಿಗಳ ಫಲವನ್ನು, ೨೦೧೪ರಲ್ಲಿ ಕೂಡಿಸಿ ನೋಡಿದಾಗ ಈ ಎಣ್ಣೆಯಿಂದ ಉಪಶಮನವಾಗುವುದೆಂದು ತಿಳಿಯಿತು. ಕರುಳಿನವರೆಗೆ ಕರಗದಂತೆ ಹೊದಿಕೆ ಹಾಕಿದ ಗುಳಿಗೆಯಲ್ಲಿ ಅದನ್ನು ಕೊಡುವರು. ಏಕೆಂದರೆ ಅನ್ನನಾಳದ ಕೆಳಗಿನ ಬಾಯಿಯೂ ಅದರಿಂದ ಸಡಿಲವಾಗಿ ಎದೆಯುರಿ ಬರುವುದುಂಟು. ಹೊಟ್ಟೆಯುಬ್ಬರದಿಂದ ಊಟ ಬೇಡವೆನ್ನುವವನಿಗೆ ಉಬ್ಬರವಿಳಿದರೆ ಹಸಿವು ಬಂದಂತೆ ತೋರುವುದು. ಹುಳಿತೇಗಿನವನಿಗೆ ಅದೇ ಎಣ್ಣೆಯಿಂದ ಊಟ ಬೇಡವಾಗುವುದು. ಹೆಚ್ಚಿಸುವುದೆಂಬವರ ಮಾತಿಗೂ ತಗ್ಗಿಸುವುದೆಂಬವರ ಮಾತಿಗೂ ಹೀಗೆ ಬೇರೆಬೇರೆ ಆಧಾರಗಳಿರುವುದು ಸಂಭವ.

ಗುಣವುಳ್ಳ ವಸ್ತುವಿಗೆ ದೋಷವೂ ಉಂಟು. ಶೀತವಾದ ಹಸುಗೂಸಿನ ಎದೆಗೆ ಕರ್ಪೂರ ಬೆರೆಸಿದ ಕೊಬ್ಬರಿಎಣ್ಣೆಯನ್ನು ತಿಕ್ಕುವುದೂ, ಮೂಗಿನ ಬಳಿ ಮೆಂಥಾಲಿನ ಮುಲಾಮನ್ನು ಸವರುವುದೂ ಅನೇಕ ಮನೆಗಳಲ್ಲಿ ಪ್ರೀತಿಯಿಂದ ಮಾಡುವ ಉಪಚಾರ. ಆದರೆ ಮೂಗಿಗೆ ಸವರಿದ ಮೆಂಥಾಲಿನಿಂದ ಎಳೆಯ ಮಗುವಿನ ಉಸಿರೇ ಕಟ್ಟಬಹುದು. ಕರ್ಪೂರವು ಚಿಕ್ಕ ಮಕ್ಕಳಿಗೆ ವಿಷಪ್ರಾಯ. ಅಲ್ಪವಾಗಿ ನುಂಗಿದರೂ ಸೆಳವು ಬರುವುದು. ದೊಡ್ಡವರೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗತಜ್ಞರು ಇತರ ಆಸ್ಪತ್ರೆಗಳವರೊಡಗೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಳವು ಬಂದು ಬಂದ ವಯಸ್ಕರಲ್ಲಿ ಕೆಲವರಿಗೆ ನೀಲಗಿರಿ ತೈಲ ಮತ್ತು ಕರ್ಪೂರಗಳ ಬಳಕೆಯೇ ಪ್ರೇರಕವಾಗಿತ್ತೆಂದು ತೋರಿಸಿದ್ದಾರೆ. ಮೆದುಳಿನ ಮೇಲೆ ಪರಿಮಳತೈಲಗಳ ಪ್ರಭಾವವುಂಟೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ಆದರೆ ಮಾರುವವನು ಹೇಳುವ ಪ್ರಭಾವ ಇದಲ್ಲ.

ಈ ಪೂರ್ವೋತ್ತರವನ್ನು ನೋಡಿದವರು ಸುಗಂಧತೈಲದ ಸೀಸೆಯು ಮನೆಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕಾಗುವುದು. ದ್ರವ್ಯವು ಯಾವುದು? ಮಾತ್ರೆ ಎಷ್ಟು? ಯಾರಿಗೆ, ಯಾವ ದೋಷಕ್ಕೆ? ಇವು ಹೊಸ ಪ್ರಶ್ನೆಗಳಲ್ಲ, ವೈದ್ಯಶಾಸ್ತ್ರದಷ್ಟೇ ಹಳೆಯವು. ಗಂಧದೆಣ್ಣೆಯನ್ನು ಗುಹ್ಯರೋಗಕ್ಕೆ ನುಂಗಿದ ಕಾಲದಲ್ಲಿ ಇವುಗಳಿಗೆ ಸರಿಯಾದ ಉತ್ತರವನ್ನು ಪಡೆದಿದ್ದರೆ ರೋಗಿಗೆ ಹಣವೂ ಕಾಡಿಗೆ ಎಷ್ಟೋ ಮರಗಳೂ ಉಳಿಯುತ್ತಿದ್ದುವು. ಇಂದು ಪೆಪ್ಪರಮೆಂಟಿಗೆ ಉತ್ತರವು ಸ್ವಲ್ಪಮಟ್ಟಿಗೆ ದೊರೆತಿದೆ. ಹಣೆಯ ನೋವಿಗೆ ಹಚ್ಚಬಹುದು; ಕರುಳಿನ ನೋವಿಗೆ ವೈದ್ಯರು ಹೇಳಿದ ಗುಳಿಗೆಯನ್ನು ನುಂಗಬಹುದು; ತೂಕಡಿಕೆಯ ಹೊತ್ತಿನಲ್ಲಿ ಮೂಸಿ ಎಚ್ಚರಗೊಳ್ಳಬಹುದು. ಹಸುಗೂಸಿನ ಮುಖದಿಂದ ದೂರವಿಡಬೇಕು.

ಊಟವು ಸೇರದ ಮುದುಕನಿಗೂ ಪಾಠವು ಹತ್ತದ ಹುಡುಗನಿಗೂ ಸೀಸೆಯನ್ನು ಹುಡುಕುವ ಮೊದಲು ಕಾರಣವನ್ನು ಹುಡುಕುವುದು ಲೇಸು. ಬಿಡದಿಯ ಇಡ್ಲಿಯ ಹಬೆಗೆ ಬಾಯಲ್ಲಿ ನೀರೂರುವವನ ತೊಂದರೆಯು ಅರುಚಿಯಲ್ಲ. ಆ ಹಬೆಯೂ ಬೇಡವೆನಿಸಿ, ದಿನದಿನಕ್ಕೆ ಮೈ ಇಳಿಯುತ್ತಿದ್ದರೆ, ಅವನನ್ನು ಕರೆದೊಯ್ಯಬೇಕಾದುದು ವೈದ್ಯರ ಬಳಿಗೆ.